ಸೈಫರ್‌ನಲ್ಲಿ ಸಾಲದ ಜಾಲ ಹಿಡಿದದ್ದು: ನನ್ನ ಅನುಭವ

ಒಂದೇ ಮೊಬೈಲ್, ಖಾತೆ, ವಿಳಾಸ ಹಂಚಿಕೊಂಡು ಸಾಲಕ್ಕೆ ಅರ್ಜಿ ಹಾಕುವ ಮೋಸದ ಗುಂಪುಗಳನ್ನು ಗ್ರಾಫ್ ಡೇಟಾಬೇಸಿನಲ್ಲಿ (ಕೊಂಡಿಗಳನ್ನೂ ನೇರವಾಗಿ ಉಳಿಸುವ ಡೇಟಾಬೇಸ್) ಹುಡುಕುತ್ತೇನೆ ಅಂದಾಗ, "ನಾಲ್ಕು ಜಾಯಿನ್ (ಕೋಷ್ಟಕಗಳನ್ನು ಜೋಡಿಸುವ ಕ್ವೆರಿ) ಬರೆದರೆ ಮುಗೀತು, ಇದಕ್ಕೊಂದು ಗ್ರಾಫ್ ಯಾಕೆ?" ಅಂದವರೇ ಹೆಚ್ಚು. ನಾಲ್ಕನೇ ಜಾಯಿನ್‌ವರೆಗೆ ಅವರ ಮಾತು ಸರಿ. ಒಂದೇ ಮೊಬೈಲ್ ಕೊಟ್ಟ ಇಬ್ಬರು ಅರ್ಜಿದಾರರನ್ನು ಪೋಸ್ಟ್‌ಗ್ರೆಸ್‌ನಂಥ ಕೋಷ್ಟಕದ ಡೇಟಾಬೇಸ್ ಚಿಟಿಕೆಯಲ್ಲಿ ಹಿಡಿಯುತ್ತದೆ. ಮೊಬೈಲಿನಿಂದ ಖಾತೆ, ಖಾತೆಯಿಂದ ವಿಳಾಸ, ಅಲ್ಲಿಂದ ಇನ್ನೊಂದು ಮೊಬೈಲ್ ಅಂತ ಎಷ್ಟು ಹೆಜ್ಜೆಯೋ ಗೊತ್ತಿಲ್ಲದೆ ಹೋಗಬೇಕಾದಾಗ ಮಾತ್ರ ರಿಕರ್ಸಿವ್ ಕ್ವೆರಿ (ತನ್ನ ಫಲಿತಾಂಶದ ಮೇಲೆ ತಾನೇ ಮತ್ತೆ ಮತ್ತೆ ಓಡುವ ಕ್ವೆರಿ) ರಾತ್ರಿಯಿಡೀ ಓಡಿ, ಡಿಸ್ಕ್ ತುಂಬಿಸಿ ಮಲಗಿತು. ಆಮೇಲೆ ನಿಯೋಫೋರ್‌ಜೆ ಅನ್ನುವ ಗ್ರಾಫ್ ಡೇಟಾಬೇಸಿಗೆ ಬಂದದ್ದು; ಅದರ ಕ್ವೆರಿ ಭಾಷೆಯೇ ಸೈಫರ್.

ಅರ್ಜಿ ಸುಮಾರು 4 ಲಕ್ಷ. ಮೊಬೈಲ್, ಪ್ಯಾನ್, ಖಾತೆ, ವಿಳಾಸ ಎಲ್ಲ ನೋಡ್ (ಗ್ರಾಫಿನ ಒಂದೊಂದು ಬಿಂದು) ಆದಾಗ 11 ಲಕ್ಷದ ಹತ್ತಿರ ನೋಡ್, 16 ಲಕ್ಷದೊಳಗೆ ರಿಲೇಶನ್‌ಶಿಪ್, ಅಂದರೆ ಅವುಗಳ ನಡುವಿನ ಸಂಬಂಧ. ಮೊದಲ ಲೋಡ್ ಎರಡು ದಿನವಾದರೂ ಮುಗಿಯಲಿಲ್ಲ. ಯೂನಿಕ್ ಕನ್‌ಸ್ಟ್ರೈಂಟ್ (ಒಂದೇ ಮೌಲ್ಯ ಎರಡು ಸಲ ಬರಬಾರದು ಅನ್ನುವ ನಿಯಮ) ಹಾಕದೆ ಮರ್ಜ್ (ಇದ್ದರೆ ಹುಡುಕು, ಇಲ್ಲದಿದ್ದರೆ ಹುಟ್ಟಿಸು ಅನ್ನುವ ಆಜ್ಞೆ) ಓಡಿಸಿದ್ದೇ ತಪ್ಪು: ಪ್ರತಿ ಸಾಲಿಗೂ ಆ ಲೇಬಲ್ಲಿನ (ನೋಡಿನ ಬಗೆಯ) ಎಲ್ಲ ನೋಡನ್ನೂ ತಡಕುತ್ತದೆ, ಡೇಟಾ ಬೆಳೆದಷ್ಟೂ ತೆವಳುತ್ತದೆ. ಕನ್‌ಸ್ಟ್ರೈಂಟ್ ಹಾಕಿ, 10,000 ಸಾಲಿಗೊಂದು ಟ್ರಾನ್ಸಾಕ್ಷನ್ (ಒಟ್ಟಿಗೆ ಬರೆಯುವ ಕಂತು) ಮಾಡಿದ ಮೇಲೆ 20 ನಿಮಿಷ. ಎರಡು ನೋಡ್ ಮತ್ತು ನಡುವಿನ ಸಂಬಂಧವನ್ನು ಒಂದೇ ಮರ್ಜ್‌ಗೆ ಕೊಡಬೇಡಿ. ಸಂಬಂಧ ಇಲ್ಲದಿದ್ದರೆ ಇಡೀ ಪ್ಯಾಟರ್ನನ್ನೇ ಹೊಸದಾಗಿ ಹುಟ್ಟಿಸಲು ಹೋಗಿ ಕನ್‌ಸ್ಟ್ರೈಂಟಿಗೆ ಡಿಕ್ಕಿ ಹೊಡೆಯುತ್ತದೆ. ನೋಡ್‌ಗಳು ಬೇರೆ ಬೇರೆ, ಸಂಬಂಧ ಕೊನೆಗೆ. ಖಾಲಿ ಪ್ಯಾನ್ ಇರುವ ಸಾಲನ್ನು ಮೊದಲೇ ಸೋಸದಿದ್ದರೆ ಅಲ್ಲೂ ಎರರ್.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಮೊದಲ ಫಲಿತಾಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಒಂದೇ "ಜಾಲ"! ಗ್ರಾಹಕರ ನಂಬರಿನ ಜಾಗದಲ್ಲಿ ಏಜೆಂಟರು ತಮ್ಮದನ್ನೇ ತುಂಬಿದ್ದರು. ಒಂದೇ ಮೊಬೈಲಿಗೆ 2,300ರಷ್ಟು ಅರ್ಜಿ. ಜೊತೆಗೆ ಹತ್ತೂ ಅಂಕಿ 9 ಇರುವ ನಂಬರು, ವಿಳಾಸದಲ್ಲಿ ಬರೀ "ಬೆಂಗಳೂರು". ಪ್ರತಿ ನೋಡಿಗೆ ಎಷ್ಟು ಸಂಬಂಧ ಅಂತ ಎಣಿಸಿ, ಮಿತಿ ಮೀರಿದ್ದಕ್ಕೆ "ಹಬ್" ಅಂತ ಇನ್ನೊಂದು ಲೇಬಲ್ ಅಂಟಿಸಿ, ದಾರಿಯ ಎಲ್ಲ ನೋಡೂ ಹಬ್ ಅಲ್ಲ ಅನ್ನುವ ಷರತ್ತನ್ನು ಹುಡುಕುವ ಆಜ್ಞೆಯಾದ ಮ್ಯಾಚ್‌ನ ಜೊತೆಗೇ ಇಟ್ಟೆ. ಮಿತಿ ಎಲ್ಲಕ್ಕೂ ಒಂದೇ ಇಟ್ಟರೆ ಕೆಟ್ಟಿತು: ಪಿಜಿ ಹಾಸ್ಟೆಲಿನ ವಿಳಾಸಕ್ಕೆ 15 ಜನ ಸಹಜ, ಒಂದು ಖಾತೆಗೆ 3 ಜನವೇ ಅನುಮಾನ. ಉಳಿದ ಮಿತಿಗಳು ಇಲ್ಲಿ ಬೇಡ, ಜಾಲದವರೂ ಓದುತ್ತಾರೆ.

ಸ್ಟಾರ್ 1ರಿಂದ 6 (ಒಂದರಿಂದ ಆರು ಹೆಜ್ಜೆಯವರೆಗೆ ಹೋಗು) ಅಂತ ಬರೆದು ಗುಂಪು ಹುಡುಕುವುದೂ ದಂಡ. ಸೈಫರ್ ಆಗ ಸದಸ್ಯರನ್ನಲ್ಲ, ದಾರಿಗಳನ್ನು ಎಣಿಸುತ್ತದೆ. ಒಂದು ವಿಳಾಸಕ್ಕೆ 40 ಅರ್ಜಿ ಇದ್ದರೆ ಎರಡೇ ಹೆಜ್ಜೆಗೆ 1,560 ದಾರಿ. ಗುಂಪು ಮಾಡಲು ಗ್ರಾಫ್ ಡೇಟಾ ಸೈನ್ಸ್ ಲೈಬ್ರರಿಯ ವೀಕ್ಲಿ ಕನೆಕ್ಟೆಡ್ ಕಾಂಪೊನೆಂಟ್ಸ್ (ದಿಕ್ಕು ನೋಡದೆ ಒಂದಕ್ಕೊಂದು ಅಂಟಿದ್ದನ್ನೆಲ್ಲ ಒಂದು ಗುಂಪು ಮಾಡುವ ಲೆಕ್ಕ) ಸಾಕು, ಕೆಲವೇ ಸೆಕೆಂಡಿನ ಕೆಲಸ. ಯಾರು ಯಾರಿಗೆ ಹೇಗೆ ಅಂಟಿದ್ದಾರೆ ಅಂತ ಒಳಗೆ ನೋಡಲಷ್ಟೇ ಮ್ಯಾಚ್.

ನಡುವೆ ಪಿನ್‌ಕೋಡನ್ನೂ ನೋಡ್ ಮಾಡಿ ನೋಡಿದೆ. ಇಡೀ ಬಡಾವಣೆಯೇ ಒಂದು ಗುಂಪಾಯಿತು, ವಾಪಸ್ ಪ್ರಾಪರ್ಟಿಗೆ (ನೋಡಿನೊಳಗಿನ ಬರೀ ವಿವರಕ್ಕೆ) ಇಳಿಸಿದೆ. "3ನೇ ಮೈನ್", "ಥರ್ಡ್ ಮೈನ್", ರೋಮನ್ ಮೂರು, ಮೂರೂ ಒಂದೇ ಬೀದಿ ಅಂತ ಒಪ್ಪಿಸಲು ಸೈಫರ್ ನಂಬಬೇಡಿ, ಪೈಥಾನ್‌ನಲ್ಲಿ ಮೊದಲೇ ತೊಳೆದು ತನ್ನಿ. ಯಾವ ಕ್ರಮದಲ್ಲಿ ತೊಳೆಯಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ದುಡ್ಡಿನ ಮಾತು. 64 ಜಿಬಿ ಕ್ಲೌಡ್ ಮೆಷೀನಿಗೆ ತಿಂಗಳಿಗೆ 30,000 ರೂಪಾಯಿಯ ಆಸುಪಾಸು, ಎರಡು ತಿಂಗಳು ಸುಮ್ಮನೆ ಸುರಿದೆ. ಡಿಸ್ಕಿನಲ್ಲಿ ಡೇಟಾದ ಸ್ಟೋರ್ ನೋಡಿದರೆ 2 ಜಿಬಿಯೂ ಇಲ್ಲ! 8 ಜಿಬಿ ಹೀಪ್ (ಕ್ವೆರಿ ಓಡಲು ಮೆಮೊರಿ), 4 ಜಿಬಿ ಪೇಜ್ ಕ್ಯಾಶ್ (ಡೇಟಾ ಹಿಡಿದಿಡಲು ಮೆಮೊರಿ) ಕೊಟ್ಟು ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪಿಗೆ ಇಳಿಸಿದೆ. ನಿಯೋಫೋರ್‌ಜೆಯ ಉಚಿತ ಕಮ್ಯುನಿಟಿ ಎಡಿಷನ್‌ನಲ್ಲಿ ಓಡುತ್ತಿರುವಾಗಲೇ ಬ್ಯಾಕಪ್ ಸಿಗದು. ರಾತ್ರಿ ನಿಲ್ಲಿಸಿ ಡಂಪ್ (ಇಡೀ ಡೇಟಾದ ಪ್ರತಿ) ತೆಗೆಯಬೇಕು, ಅಷ್ಟೇ ಕಿರಿಕಿರಿ.

ನಾನು ಹುಡುಕಿ ಕೊಟ್ಟ 60 ಗುಂಪಿನಲ್ಲಿ 40ಕ್ಕೂ ಮೇಲೆ ಪರಿಶೀಲನೆಯಲ್ಲಿ ನಿಜವಾದ ಮೋಸದ ಜಾಲಗಳೇ ಆದವು. ಜಾಯಿನ್ ಸಾಕು ಅಂದವರೇ ಈಗ ಪ್ರೊಫೈಲ್ (ಕ್ವೆರಿಯ ಕೆಲಸ ಅಳೆಯುವ ಆಜ್ಞೆ) ಓಡಿಸಿ ಡಿಬಿ ಹಿಟ್ಸ್ (ಎಷ್ಟು ಸಲ ಡೇಟಾ ಮುಟ್ಟಿತು ಅನ್ನುವ ಲೆಕ್ಕ) ಎಷ್ಟು ಅಂತ ಕೇಳುತ್ತಿದ್ದಾರೆ. ತಪ್ಪಿದ ಗುಂಪುಗಳಲ್ಲಿ ಹೆಚ್ಚಿನವು ಹಳೇ ನಂಬರು ಕೈಬದಲಾದ ಕೇಸುಗಳು. ಯಾರೋ ಬಿಟ್ಟ ಸಿಮ್ ನಂಬರು ಇನ್ಯಾರಿಗೋ ಸಿಕ್ಕಿದ್ದು. ಈಗ ಸಂಬಂಧದ ಮೇಲೇ ಅರ್ಜಿಯ ತಾರೀಖು ಬರೆದು, ಒಂದೇ ಮೊಬೈಲಿನ ಎರಡು ಅರ್ಜಿಗಳ ನಡುವೆ ವರ್ಷಕ್ಕಿಂತ ಹೆಚ್ಚು ಅಂತರವಿದ್ದರೆ ಆ ಕೊಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.