ಗಂಜ್‌ನ ದಲ್ಲಾಳಿಯಿಂದ ಒಂದು ಹೊಸ ಕ್ಲಾಸ್

ನಮ್ಮ ಮಾವ ಕಲಬುರಗಿ ಗಂಜ್‌ನಲ್ಲಿ ತೊಗರಿ ದಲ್ಲಾಳಿ. ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ತೆಗೆದು, ಹಲ್ಲಿನಲ್ಲಿ ಕಟಕ್ ಅನಿಸಿ, ಹಸಿಯೋ ಒಣಗಿದ್ದೋ ಹೇಳಿಬಿಡುತ್ತಾರೆ. ಭಾನುವಾರ ನಮ್ಮ ಮಾಳಿಗೆ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಐದನೇ ಆವೃತ್ತಿಯ 2014ರ ನಿಯಮ. ನಾನು ಡಿಎಂ, ಕಥೆ ನಡೆಸುವ ಕೆಲಸ ನನ್ನದು. ಕಥೆ ಬಹಮನಿ ಕಾಲದ ಬೀದರ್‌ನಲ್ಲಿ ನಡೆಯುತ್ತದೆ. ಅದರಲ್ಲಿ ಮಾವನಂಥವನೊಬ್ಬ ಇರಬೇಕು ಅನಿಸಿತು, ಅದಕ್ಕೆ ದಲ್ಲಾಳಿ ಅಂತ ಹೊಸ ಕ್ಲಾಸ್, ಅಂದರೆ ಪಾತ್ರದ ಕಸುಬು, ಬರೆಯಲು ಕೂತೆ. ಕತ್ತಿಗಿಂತ ಕಸುಬು ಜಾಸ್ತಿ ಬಲ್ಲವನು.

ಮೊದಲ ಸಲ ಕೆಟ್ಟದಾಗಿ ಎಡವಿದೆ. ದಲ್ಲಾಳಿಗೆ ಏಳು ಸ್ಕಿಲ್, ಅಂದರೆ ಕಲಿತ ವಿದ್ಯೆ, ಕೊಟ್ಟೆ, ಏಳಕ್ಕೂ ಡಬಲ್ ಬೋನಸ್. ಮಾತಾಡುವವನೂ ಅವನೇ, ಬೀಗ ತೆಗೆಯುವವನೂ ಅವನೇ. ಹೊಡೆದಾಡುವ ಕ್ಲಾಸ್ ಫೈಟರ್ ಆಡುತ್ತಿದ್ದ ಗೆಳತಿ ಸಿಟ್ಟಾದಳು: "ಲೇ, ಎಲ್ಲಾ ನೀನೇ ಮಾಡ್ಲಾಕತ್ತಿ. ನಾ ಬರೀ ಸುಸ್ಲಾ ಮಿರ್ಚಿ ತಿನ್ಲಾ?" ಆಮೇಲೆ ಹೊಡೆದಾಟ ಬಂತು. ಆಗ ಇವನು ಸುಮ್ನೆ ಕಂಬದ ಹಿಂದೆ ನಿಂತ.

ಆದ್ದರಿಂದ ಮೊದಲು ಲೆಕ್ಕ ಹಾಕಿ. ಇಪ್ಪತ್ತು ಮುಖದ ದಾಳ ಹಾಕಿ, ಬಿದ್ದದ್ದಕ್ಕೆ ಬೋನಸ್ ಕೂಡಿಸಿ, ಗುರಿ ಮುಟ್ಟಿದರೆ ಗೆಲುವು. ಒಂದನೇ ಲೆವೆಲ್‌ನಲ್ಲಿ ಪ್ರೊಫಿಶಿಯೆನ್ಸಿ ಬೋನಸ್, ಅಂದರೆ ಕಲಿತ ಸ್ಕಿಲ್‌ಗೆ ಸಿಗುವುದು, 2. ಸಾಮರ್ಥ್ಯದ್ದು 3 ಇದ್ದರೆ, 15ರ ಗುರಿಗೆ ಸ್ಕಿಲ್ ಇಲ್ಲದವನು ನೂರಕ್ಕೆ 45 ಸಲ ಗೆಲ್ಲುತ್ತಾನೆ. ಸ್ಕಿಲ್ ಇದ್ದರೆ 55, ಡಬಲ್ ಆದರೆ 65. ಇಷ್ಟೇನಾ ಅನಿಸುತ್ತದೆ ಅಲ್ವಾ? ಈಗ 17ನೇ ಲೆವೆಲ್ ನೋಡಿ. ಬೋನಸ್ 6, ಸಾಮರ್ಥ್ಯ 5, ಗುರಿ 20. ಅದೇ ಮೂವರಿಗೆ 30, 60, 90. ಡಬಲ್ ಬೋನಸ್ ಬಡ್ಡಿ ಸಾಲದ ಹಾಗೆ, ಬೆಳೆಯುವುದು ಗೊತ್ತೇ ಆಗುವುದಿಲ್ಲ. ಅದಕ್ಕೇ ಕಳ್ಳಚಾಲಾಕಿಯ ಕ್ಲಾಸ್ ರೋಗ್‌ಗೂ ಮೊದಲಿಗೆ ಎರಡಕ್ಕೆ ಮಾತ್ರ ಡಬಲ್ ಇದೆ. ನಾನೂ ನಾಲ್ಕು ಸ್ಕಿಲ್, ಎರಡು ಡಬಲ್‌ಗೆ ಇಳಿದೆ. ಜೀವಕ್ಕೆ ಡಿ8, ಅಂದರೆ ಎಂಟು ಮುಖದ ದಾಳ, ಹಗುರ ಕವಚ. ಅದರಲ್ಲಿ ಹೊಸದೇನೂ ಬೇಡ.

ಹೊಡೆದಾಟದಲ್ಲಿ ಅವನ ಕೆಲಸ ದರ ಕಟ್ಟುವುದು. ಶತ್ರುವನ್ನು ಕಣ್ಣಲ್ಲೇ ತೂಗಿ ಎಲ್ಲಿ ಪೊಳ್ಳಿದೆ ಅಂತ ಕೂಗುತ್ತಾನೆ, ಮುಂದೆ ಹೊಡೆಯುವ ಜೊತೆಗಾರನಿಗೆ ಅಡ್ವಾಂಟೇಜ್ ಸಿಗುತ್ತದೆ, ಅಂದರೆ ಎರಡು ಸಲ ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುತ್ತಾನೆ. ಬರೆದು ಖುಷಿಪಟ್ಟೆ. ಆಮೇಲೆ ನೋಡಿದರೆ ನಿಯಮದಲ್ಲಿ ಮೊದಲೇ ಇರುವ ಹೆಲ್ಪ್ ಆಕ್ಷನ್ ಅದನ್ನೇ ಮಾಡುತ್ತದೆ, ಯಾರು ಬೇಕಾದರೂ ಮಾಡಬಹುದು! ಹೊಸ ಕ್ಲಾಸ್ ಬರೆಯುವಾಗ ಎಲ್ಲರಿಗೂ ಪುಕ್ಕಟೆ ಸಿಗುವುದೇನು ಅಂತ ಮೊದಲು ಓದಿಕೊಳ್ಳಿ. ಹೆಲ್ಪ್‌ಗೆ ಒಂದು ಆಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸ, ಹೋಗುತ್ತದೆ, ಶತ್ರು ಐದು ಅಡಿಯೊಳಗೆ ಇರಬೇಕು. ನಮ್ಮ ದಲ್ಲಾಳಿಗೆ ಬೋನಸ್ ಆಕ್ಷನ್, ಅಂದರೆ ಅದರ ಜೊತೆಗಿನ ಚಿಕ್ಕ ಕೆಲಸ, ಸಾಕು, 30 ಅಡಿ ದೂರದಿಂದ ನಡೆಯುತ್ತದೆ. ಜೊತೆಗೆ ಆ ಏಟಿಗೆ ಒಂದಿಷ್ಟು ಹೆಚ್ಚಿನ ಪೆಟ್ಟು, ಹೊಡೆದಾಟದ ಒಂದು ಸುತ್ತಿನಲ್ಲಿ ಒಂದೇ ಸಲ. ಎಷ್ಟು ಅನ್ನುವುದಕ್ಕೆ ರೋಗ್‌ನ ಹೆಚ್ಚಿನ ಪೆಟ್ಟು ಸ್ನೀಕ್ ಅಟ್ಯಾಕ್ ಪಕ್ಕದಲ್ಲಿಟ್ಟು ನೋಡಿದೆ. ಐದನೇ ಲೆವೆಲ್‌ನಲ್ಲಿ ಅದು 3 ಡಿ6, ಅಂದರೆ ಆರು ಮುಖದ ಮೂರು ದಾಳ, ಸರಾಸರಿ 10.5. ದಲ್ಲಾಳಿಗೆ 2 ಡಿ6, ಅಂದರೆ 7. ಅಡ್ವಾಂಟೇಜ್ ಬೇರೆ ಸಿಗುತ್ತಿದೆಯಲ್ಲ, ಅದಕ್ಕೇ ಕಡಿಮೆ.

ಇಷ್ಟಾದರೂ ಗೆಳತಿಯ ಮಿರ್ಚಿ ತಕರಾರು ಉಳಿದಿತ್ತು. ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುವುದನ್ನು ಕೇಳಿರುತ್ತೀರಿ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಅದನ್ನೇ ತಂದೆ. ದಿನಕ್ಕೆ ಒಂದು ಸಲ ದಲ್ಲಾಳಿ ಜೊತೆಗಾರನ ಕೈ ಹಿಡಿದು ಬೆರಳಲ್ಲಿ ಹೇಳಿಕೊಡಬಹುದು. ಆ ಜೊತೆಗಾರ ದಲ್ಲಾಳಿಯ ಬೋನಸ್ ಇಟ್ಟುಕೊಂಡು ದಾಳ ಹಾಕುತ್ತಾನೆ. ಆದರೆ ಆ ಸನ್ನಿವೇಶದಲ್ಲಿ ದಲ್ಲಾಳಿ ಬಾಯಿ ಬಿಡುವ ಹಾಗಿಲ್ಲ. ಕಸುಬು ಅವನದು, ಮಾತು ಇನ್ನೊಬ್ಬರದು. ಇಡೀ ಕ್ಲಾಸ್‌ನಲ್ಲಿ ನನಗೆ ಇಷ್ಟವಾದದ್ದು ಇದೊಂದೇ.

ಆಡಿ ನೋಡುವಾಗ ಒಂದು ಮಾತಿನ ಸನ್ನಿವೇಶ, ಒಂದು ಹುಡುಕಾಟ, ಒಂದು ಹೊಡೆದಾಟ ಇಡಿ. ಯಾರು ಎಷ್ಟು ಸಲ ದಾಳ ಹಾಕಿದರು ಅಂತ ಗೀಟು ಎಳೆಯುತ್ತಾ ಹೋಗಿ. ಒಬ್ಬರದೇ ಗೀಟು ಉಳಿದವರ ದುಪ್ಪಟ್ಟಾದರೆ ಮತ್ತೆ ಕತ್ತರಿ ಹಿಡಿಯಬೇಕು.

ಮೊನ್ನೆ ಆಟದಲ್ಲಿ ಬೀದರ್‌ನ ಕರೇಜ್, ಅಂದರೆ ನೆಲದಡಿ ನೀರು ಹರಿಯುವ ಸುರಂಗದ ಬಾಯಲ್ಲಿ ಕಾವಲುಗಾರನ ಹತ್ತಿರ ಚೌಕಾಸಿಗೆ ನಿಂತವಳು ಫೈಟರ್. ದಲ್ಲಾಳಿ ಬೆರಳು ಒತ್ತಿದ, ಬೋನಸ್ 10, ಗುರಿ 15. ದಾಳದಲ್ಲಿ ಬಿದ್ದದ್ದು 3. ಕಾವಲುಗಾರ ಒಳಗೆ ಬಿಡಲಿಲ್ಲ. ಆಮೇಲೆ ಅರ್ಧ ತಾಸು ಅವಳೇ ವಾದ ಮಾಡಿದಳು. ತಟ್ಟೆಯಲ್ಲಿದ್ದ ಮಿರ್ಚಿ ಆರಿ ತಣ್ಣಗಾಗಿತ್ತು.