ಬೆಕ್ಕಿನ ಅಲರ್ಜಿ ಇದ್ದೂ ಬೆಕ್ಕಿನೊಂದಿಗೆ ಬಾಳುವುದು ಹೇಗೆ?

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಗೆ ಮೂರು ವರ್ಷಗಳ ಹಿಂದಿನ ಜುಲೈ ತಿಂಗಳ ಒಂದು ರಾತ್ರಿ, ಮೆಟ್ಟಿಲ ಕೆಳಗೆ ನೆನೆದು ನಡುಗುತ್ತಿದ್ದ ಬೆಕ್ಕಿನ ಮರಿಯೊಂದನ್ನು ಮಗಳು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಬೆಕ್ಕು ನನ್ನ ಮೈಗೆ ಒಗ್ಗುವುದಿಲ್ಲ ಎಂಬುದು ಉಡುಪಿಯ ಅಜ್ಜಿಮನೆಯ ದಿನಗಳಿಂದಲೇ ಗೊತ್ತಿದ್ದ ಸಂಗತಿ. "ಅಮ್ಮಾ, ಮಳೆ ನಿಲ್ಲುವ ತನಕ ಮಾತ್ರ" ಎಂದು ಅವಳು ಕೇಳಿಕೊಂಡಾಗ ಬೇಡವೆನ್ನಲು ಮನಸ್ಸು ಬರಲಿಲ್ಲ. ಬೆಳಗಾಗುವಷ್ಟರಲ್ಲಿ ನನ್ನ ಕಣ್ಣುಗಳು ಕೆಂಪಾಗಿ ಊದಿಕೊಂಡಿದ್ದವು, ಸೀನು ಒಂದರ ಹಿಂದೊಂದು ಬರುತ್ತಿತ್ತು. ಚಿನ್ನಿ ಎಂಬ ಹೆಸರು ಪಡೆದ ಆ ಮರಿ ಇಂದಿಗೂ ನಮ್ಮ ಮನೆಯಲ್ಲಿಯೇ ಇದೆ. ವೈದ್ಯರು ಮತ್ತು ಪಶುವೈದ್ಯರು ಹೇಳಿದ್ದನ್ನೂ, ನಮ್ಮ ಮನೆಯಲ್ಲಿ ಮಾಡಿ ನೋಡಿದ್ದನ್ನೂ ಸೇರಿಸಿ, ಇದೇ ತೊಂದರೆ ಇರುವವರಿಗಾಗಿ ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮೊದಲು ಪರೀಕ್ಷೆ

ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ತೇವ ಕುಡಿಯುತ್ತವೆ, ಕಪಾಟಿನ ಹಿಂಬದಿಯಲ್ಲಿ ಬೂಷ್ಟು ಬೆಳೆಯುತ್ತದೆ, ಹಾಸಿಗೆ ದಿಂಬುಗಳಲ್ಲಿ ಡಸ್ಟ್ ಮೈಟ್ ಎಂಬ ಕಣ್ಣಿಗೆ ಕಾಣದ ನುಸಿ ಹೆಚ್ಚುತ್ತದೆ. ಇವು ತರುವ ಸೀನು, ಕಣ್ಣುತುರಿಕೆ, ಮೂಗುಕಟ್ಟುವಿಕೆಗಳಿಗೂ ಬೆಕ್ಕು ತರುವ ತೊಂದರೆಗೂ ಲಕ್ಷಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಬೆಕ್ಕನ್ನು ದೂರುವ ಮುನ್ನ ಅಲರ್ಜಿ ತಜ್ಞರಲ್ಲಿಗೆ ಹೋಗಿ, ಯಾವುದು ಒಗ್ಗುವುದಿಲ್ಲ ಎಂಬುದನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಮುಂಗೈಯ ಚರ್ಮದ ಮೇಲೆ ಬೇರೆ ಬೇರೆ ದ್ರಾವಣಗಳ ಹನಿ ಇಟ್ಟು, ಸೂಜಿಯ ಮೊನೆಯಿಂದ ಮೆಲ್ಲನೆ ಚುಚ್ಚಿ, 15ರಿಂದ 20 ನಿಮಿಷಗಳಲ್ಲಿ ಯಾವ ಜಾಗ ಊದಿಕೊಳ್ಳುತ್ತದೆಂದು ನೋಡುತ್ತಾರೆ. ಅಲರ್ಜಿಯ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ಈ ಪರೀಕ್ಷೆ ಸರಿಯಾದ ಉತ್ತರ ಕೊಡುವುದಿಲ್ಲವಾದ್ದರಿಂದ, ಕೆಲವು ದಿನ ಮೊದಲೇ ಅವನ್ನು ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನವೆಂಬುದನ್ನು ವೈದ್ಯರನ್ನೇ ಕೇಳಿ. ಮಾತ್ರೆ ನಿಲ್ಲಿಸಲಾಗದವರಿಗೆ ರಕ್ತದಲ್ಲಿ ಐಜಿಇ ಎಂಬ, ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯವನ್ನು ನೋಡುವ ಪರೀಕ್ಷೆ ಇದೆ. ನನ್ನ ಕೈಯಲ್ಲಿ ಬೆಕ್ಕಿನ ಹನಿ ಬಿದ್ದ ಜಾಗವೂ ನುಸಿಯ ಹನಿ ಬಿದ್ದ ಜಾಗವೂ ಎರಡೂ ಉಬ್ಬಿದವು. ನನ್ನ ಸೀನುಗಳಿಗೆಲ್ಲ ಚಿನ್ನಿಯೊಂದೇ ಕಾರಣವಲ್ಲ ಎಂಬುದು ಅಂದೇ ತಿಳಿಯಿತು.

ದೋಷ ರೋಮದಲ್ಲಿಲ್ಲ

ಬೆಕ್ಕಿನ ಕೂದಲೇ ಅಲರ್ಜಿಗೆ ಕಾರಣವೆಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾದ ಕಾರಣ ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಎಣ್ಣೆಗ್ರಂಥಿಗಳಲ್ಲಿಯೂ ಉತ್ಪತ್ತಿಯಾಗುವ, 'ಫೆಲ್ ಡಿ 1' ಎಂದು ವಿಜ್ಞಾನಿಗಳು ಕರೆಯುವ ಒಂದು ಪ್ರೋಟೀನು. ಮಧ್ಯಾಹ್ನ ಗ್ರಿಲ್ಲಿನಿಂದ ಬೀಳುವ ಬಿಸಿಲಿನಲ್ಲಿ ಕುಳಿತು ಚಿನ್ನಿ ಮುಂಗಾಲು, ಬೆನ್ನು, ಬಾಲದ ತುದಿಯವರೆಗೂ ನೆಕ್ಕಿಕೊಂಡು, ಎದ್ದು ಒಮ್ಮೆ ಮೈಕೊಡವಿದಾಗ ಬಿಸಿಲ ಕೋಲಿನಲ್ಲಿ ಕಣಗಳು ಮಿನುಗುವುದು ಕಾಣುತ್ತದೆ. ಆದರೆ ತೊಂದರೆ ಕೊಡುವ ಕಣಗಳಲ್ಲಿ ಬಹಳಷ್ಟು ಆ ಕಾಣುವ ಕಣಗಳಿಗಿಂತಲೂ ಚಿಕ್ಕವು. 5 ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಸಣ್ಣವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ, ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಬಟ್ಟೆ, ಪರದೆ, ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಬೆಕ್ಕೇ ಇಲ್ಲದ ಮನೆ, ಶಾಲೆಗಳಲ್ಲಿಯೂ ಈ ಪ್ರೋಟೀನು ಸಿಗುವುದು ಅದು ಜನರ ಬಟ್ಟೆಯ ಮೇಲೆ ಸವಾರಿ ಮಾಡಿ ಬರುವುದರಿಂದಲೇ.

ಕೂದಲು ಕಾರಣವಲ್ಲವೆಂದ ಮೇಲೆ ಬೆಕ್ಕಿನ ಕೂದಲು ಬೋಳಿಸುವುದರಿಂದ ಪ್ರಯೋಜನವಿಲ್ಲ. 'ಅಲರ್ಜಿ ತರದ ತಳಿ' ಎಂದು ಹೇಳಿ ಮಾರುವವರನ್ನು ನಂಬಿ ಸಾವಿರಾರು ರೂಪಾಯಿ ಸುರಿಯಲೂಬೇಡಿ. ಈ ಪ್ರೋಟೀನೇ ಇಲ್ಲದ ತಳಿ ಯಾವುದೂ ಇಲ್ಲ. ಒಂದೇ ತಳಿಯಲ್ಲಿ ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಪ್ರಮಾಣ ಬದಲಾಗುತ್ತದೆ. ಬೆಕ್ಕನ್ನು ಇನ್ನೂ ತರದೆ ಇರುವವರು, ತರಬೇಕೆಂದಿರುವ ಅದೇ ಬೆಕ್ಕಿನೊಂದಿಗೆ ಬೇರೆ ಬೇರೆ ದಿನ ಒಂದೆರಡು ಗಂಟೆ ಕಳೆದು ನೋಡುವುದು ಇದಕ್ಕಿಂತ ನಂಬಬಹುದಾದ ದಾರಿ.

ಮಲಗುವ ಕೋಣೆ

ಈ ಲೇಖನದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸಲು ಸಾಧ್ಯವೆನ್ನುವವರು ಇದನ್ನೇ ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ: ಅಲರ್ಜಿ ಇರುವವರು ಮಲಗುವ ಕೋಣೆಗೆ ಬೆಕ್ಕನ್ನು ಎಂದಿಗೂ ಬಿಡಬಾರದು. ದಿನದ ಏಳೆಂಟು ಗಂಟೆ ನಾವು ಮುಖವಿಟ್ಟು ಉಸಿರಾಡುವುದು ಆ ದಿಂಬಿನ ಮೇಲೆ. 'ಹಗಲು ಬಂದರೆ ಏನಾಯಿತು, ರಾತ್ರಿ ಹೊರಗೆ ಹಾಕಿದರೆ ಸಾಕು' ಎಂಬ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಹಗಲು ಒಂದು ಗಂಟೆ ಮಲಗಿ ಎದ್ದ ಬೆಕ್ಕು ಬಿಟ್ಟುಹೋದದ್ದು ರಾತ್ರಿಯೂ ಅಲ್ಲಿಯೇ ಇರುತ್ತದೆ. ಬೆಕ್ಕು ಈಗಾಗಲೇ ಆ ಕೋಣೆಯಲ್ಲಿ ಓಡಾಡಿದ್ದರೆ ಹೊದಿಕೆ, ಪರದೆಗಳನ್ನೆಲ್ಲ ಒಗೆದು, ಗಾದಿಗೆ ಮತ್ತು ದಿಂಬಿಗೆ ಒತ್ತಾದ ನೇಯ್ಗೆಯ ಜಿಪ್ ಕವಚ ಹಾಕಿ, ಗೋಡೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿಂದ ಲೆಕ್ಕ ಆರಂಭಿಸಬೇಕು. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದರೆ ನುಸಿಯೂ ಸಾಯುತ್ತದೆ.

ಒಂದೇ ಕೋಣೆಯ ಮನೆಯಲ್ಲಿರುವವರು ಏನು ಮಾಡಬೇಕು? ಚಾಳುಗಳಲ್ಲಿ, ಒಂದು ಕೋಣೆ, ಒಂದು ಅಡುಗೆಮನೆಯಷ್ಟೇ ಇರುವ ಒನ್ ಆರ್‌ಕೆ ಮನೆಗಳಲ್ಲಿ ಇರುವ ನಮ್ಮವರು ಕಡಿಮೆಯೇನಿಲ್ಲ. ಅವರಿಗೆ ನಮ್ಮ ಹಿರಿಯರ ರೂಢಿಯೇ ಉಪಕಾರಿ: ಬೆಳಿಗ್ಗೆ ಎದ್ದೊಡನೆ ಹಾಸಿಗೆ ಸುತ್ತಿ, ದಪ್ಪ ಬಟ್ಟೆಯ ಚೀಲದಲ್ಲಿ ಹಾಕಿ, ಬಾಗಿಲಿರುವ ಕಪಾಟಿನೊಳಗೆ ಇಡುವುದು, ರಾತ್ರಿ ಬಿಡಿಸುವಾಗ ಬೆಕ್ಕಿಗೆ ಅಡುಗೆಮನೆಯ ಬದಿಯಲ್ಲಿ ಅದರದೇ ಪೆಟ್ಟಿಗೆಯೊಂದನ್ನು ಒದಗಿಸುವುದು. ಉಡುವ ಬಟ್ಟೆಗಳನ್ನೂ ಹೀಗೆಯೇ ಮುಚ್ಚಿದ ಕಪಾಟಿನಲ್ಲಿಡಬೇಕು, ಕುರ್ಚಿಯ ಬೆನ್ನಿಗೆ ನೇತುಹಾಕಬಾರದು.

ಚಿನ್ನಿ ಮೊದಲ ಹತ್ತು ಹನ್ನೆರಡು ರಾತ್ರಿ ಬಾಗಿಲನ್ನು ಕೆರೆಯುತ್ತ ಕೂಗಿತು. ಮಗಳು ಅತ್ತಳು, ನನಗೂ ಸಂಕಟವಾಯಿತು. ಒಂದು ರಾತ್ರಿಯೂ ಬಾಗಿಲು ತೆರೆಯಲಿಲ್ಲ. ತೆರೆದಿದ್ದರೆ, ಹೆಚ್ಚು ಕೂಗಿದರೆ ತೆರೆಯುತ್ತಾರೆ ಎಂದು ಅದು ಕಲಿತುಬಿಡುತ್ತಿತ್ತು. ಮಲಗುವ ಮುನ್ನ ಹೊಟ್ಟೆ ತುಂಬ ತಿನ್ನಿಸಿ, ಹತ್ತು ನಿಮಿಷ ದಾರದ ಉಂಡೆಯೊಂದಿಗೆ ಓಡಾಡಿಸಿದ ಮೇಲೆ ಅದು ಹಾಲ್‌ನಲ್ಲಿರುವ ಬೆತ್ತದ ಕುರ್ಚಿಯಲ್ಲಿ ಮಲಗುವುದಕ್ಕೆ ಒಗ್ಗಿಕೊಂಡಿತು.

ನೆಲ, ಬಟ್ಟೆ, ಗಾಳಿ

ಒಣ ಪೊರಕೆಯಿಂದ ಗುಡಿಸಿದರೆ ನೆಲಕ್ಕೆ ಇಳಿದು ಕುಳಿತಿದ್ದ ಕಣಗಳು ಮತ್ತೆ ಮೂಗಿನ ಮಟ್ಟಕ್ಕೆ ಏಳುತ್ತವೆ. ನಮ್ಮ ಮನೆಗೆಲಸದವರಿಗೆ ವಿಷಯ ತಿಳಿಸಿ ಹೇಳಿದ ಮೇಲೆ, ಅವರು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ಕಸವನ್ನು ಒಟ್ಟುಮಾಡುತ್ತಾರೆ. ಫ್ಯಾನಿನ ರೆಕ್ಕೆಗಳನ್ನೂ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಶುಚಿ ಮಾಡುವ ಹೊತ್ತಿಗೆ ಅಲರ್ಜಿ ಇರುವವರು ಹೊರಗಿರುವುದು ಒಳ್ಳೆಯದು, ಅವರೇ ಮಾಡಬೇಕಾದರೆ ಎನ್95 ಮಾಸ್ಕ್ ಧರಿಸಲಿ. ಜಮಖಾನೆ, ಬಟ್ಟೆಯ ಸೋಫಾ, ದಪ್ಪ ಪರದೆಗಳು ಈ ಪ್ರೋಟೀನಿನ ಉಗ್ರಾಣಗಳಿದ್ದಂತೆ. ನಾವು ಸೋಫಾವನ್ನು ಕೊಟ್ಟುಬಿಟ್ಟು ಬೆತ್ತದ ಕುರ್ಚಿಗಳನ್ನು ತಂದೆವು.

ಗಾಳಿ ಶುದ್ಧಮಾಡುವ ಯಂತ್ರ ಕೊಳ್ಳುವುದಾದರೆ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಪ್ರತಿಶತವನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನು, ಕೋಣೆಯ ಅಳತೆಗೆ ಹೊಂದುವುದನ್ನು ಆರಿಸಿ ಮಲಗುವ ಕೋಣೆಯಲ್ಲಿಡಿ. ಅದು ಗಾಳಿಯಲ್ಲಿರುವುದನ್ನು ಮಾತ್ರ ಹಿಡಿಯುತ್ತದೆ, ಹಾಸಿಗೆಯಲ್ಲಿ ಅಂಟಿದ್ದನ್ನಲ್ಲ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರದೆ ಒಳಗಿನದನ್ನೇ ತಿರುಗಿಸುವುದರಿಂದ, ಅದರ ಜಾಲರಿಯನ್ನು ಆಗಾಗ ತೊಳೆದು, ದಿನಕ್ಕೆ ಕೆಲ ಹೊತ್ತಾದರೂ ಕಿಟಕಿ ತೆರೆದಿಡಬೇಕು.

ಬೆಕ್ಕಿಗೆ ಮಾಡಬೇಕಾದದ್ದು

ಗಂಡು ಬೆಕ್ಕಾಗಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಶಸ್ತ್ರಚಿಕಿತ್ಸೆಯಾಗದ ಗಂಡು ಬೆಕ್ಕುಗಳು ಈ ಪ್ರೋಟೀನನ್ನು ಹೆಚ್ಚಾಗಿ ಉತ್ಪತ್ತಿಮಾಡುತ್ತವೆ, ಅನಂತರ ಪ್ರಮಾಣ ತಗ್ಗುತ್ತದೆ. ದಿನವೂ ಬ್ರಷ್ ಮಾಡುವ ಮತ್ತು ಮಲದ ತಟ್ಟೆಯ ಮರಳು ಬದಲಿಸುವ ಕೆಲಸ ಅಲರ್ಜಿ ಇಲ್ಲದವರ ಪಾಲಿಗಿರಲಿ. ನಮ್ಮಲ್ಲಿ ಅದು ಮಗಳ ಹೊಣೆ, ಮರಿಯನ್ನು ಉಳಿಸಿಕೊಳ್ಳುವಾಗ ಆದ ಒಪ್ಪಂದವೇ ಅದು. ಸ್ನಾನ ಮಾಡಿಸಿದರೆ ಪ್ರೋಟೀನು ಕಡಿಮೆಯಾಗುವುದು ನಿಜವಾದರೂ ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತದೆ. ವಾರಕ್ಕೆರಡು ಬಾರಿ ಬೆಕ್ಕನ್ನು ನೀರಿಗೆ ಹಿಡಿಯುವ ಹಿಂಸೆಗೆ ತಕ್ಕ ಫಲ ಅದರಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣು ಮುಟ್ಟಬೇಡಿ, ಮುಖ ನೆಕ್ಕಲು ಬಿಡಬೇಡಿ.

ಔಷಧ

ಸೆಟಿರಿಜಿನ್, ಲೆವೊಸೆಟಿರಿಜಿನ್, ಫೆಕ್ಸೊಫೆನಡಿನ್‌ನಂತಹ ಮಾತ್ರೆಗಳು ಸೀನು ತುರಿಕೆಗಳನ್ನು ತಗ್ಗಿಸುತ್ತವೆ. ಮೊದಲೆರಡು ಕೆಲವರಿಗೆ ತೂಕಡಿಕೆ ತರುತ್ತವೆ. ಮೂಗು ಸದಾ ಕಟ್ಟಿರುವವರಿಗೆ ಫ್ಲೂಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇಯನ್ನು ವೈದ್ಯರು ಬರೆದುಕೊಡುತ್ತಾರೆ. ಅದರ ಪೂರ್ಣ ಗುಣ ಕಾಣಲು ಕೆಲವು ದಿನ, ಒಮ್ಮೊಮ್ಮೆ ಒಂದೆರಡು ವಾರ ಬೇಕಾಗುವುದರಿಂದ ಎರಡೇ ದಿನಕ್ಕೆ ಕೈಬಿಡಬಾರದು. ಇನ್ನೊಂದು ಎಚ್ಚರಿಕೆಯನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಮೊದಲ ಮಳೆಗಾಲದಲ್ಲಿ ಔಷಧದ ಅಂಗಡಿಯವರು ಕೊಟ್ಟ ಮೂಗುಬಿಡಿಸುವ ಹನಿಯನ್ನು ಯಾರನ್ನೂ ಕೇಳದೆ ಒಂದು ತಿಂಗಳು ಹಾಕಿಕೊಂಡೆ. ಹನಿ ಹಾಕದಿದ್ದರೆ ಉಸಿರೇ ಆಡದ ಸ್ಥಿತಿ ಬಂತು. ಜೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಇರುವ ಹನಿಗಳನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಿಕೊಳ್ಳುತ್ತದೆ. ಮೂಗನ್ನು ನೀರಿನಿಂದ ತೊಳೆಯುವ ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು, ನಲ್ಲಿಯ ನೀರನ್ನು ನೇರವಾಗಿ ಬಳಸಬಾರದು.

ಇಷ್ಟರಿಂದಲೂ ಹತೋಟಿಗೆ ಬಾರದಿದ್ದರೆ, ಅಲರ್ಜಿ ತರುವ ವಸ್ತುವನ್ನೇ ಅತಿ ಸಣ್ಣ ಪ್ರಮಾಣದಿಂದ ಏರಿಸುತ್ತ ದೇಹವನ್ನು ಒಗ್ಗಿಸುವ ಇಮ್ಯುನೋಥೆರಪಿ ಇದೆ. ಅದು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಹಿಡಿಯುತ್ತದೆ, ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲ.

ಎಲ್ಲಿ ನಿಲ್ಲಿಸಬೇಕು

ಉಸಿರಾಡುವಾಗ ಎದೆಯಿಂದ ಸಿಳ್ಳೆಯಂತಹ ಸದ್ದು, ಎದೆ ಬಿಗಿತ, ರಾತ್ರಿ ಕೆಮ್ಮಿ ಏಳುವುದು ಕಂಡುಬಂದರೆ ಅದು ಮೂಗಿನ ಮಾತಾಗಿ ಉಳಿದಿಲ್ಲ, ಆಸ್ತಮಾದ ಸೂಚನೆ. ಆಗ ಮೇಲಿನ ಯಾವ ಕ್ರಮವನ್ನೂ ನೆಚ್ಚಿ ಕೂರದೆ ತಡಮಾಡದೆ ವೈದ್ಯರನ್ನು ಕಾಣಬೇಕು. ಚಿಕಿತ್ಸೆಯ ನಂತರವೂ ಆಸ್ತಮಾ ಕೆರಳುತ್ತಲೇ ಇದ್ದರೆ, ವಿಶೇಷವಾಗಿ ಮಗುವಿಗೆ ಹೀಗಾಗುತ್ತಿದ್ದರೆ, ಬೆಕ್ಕಿಗೆ ಬೇರೆ ಮನೆ ಹುಡುಕುವುದೇ ಸರಿಯಾದ ನಿರ್ಧಾರ. ಮನೆಯಲ್ಲಿ ಬೆಳೆದ ಬೆಕ್ಕನ್ನು ಮೀನು ಮಾರುಕಟ್ಟೆಯ ಬಳಿ ಬಿಟ್ಟುಬರುವುದನ್ನು ನಾನು ಕಂಡಿದ್ದೇನೆ. ಬೀದಿಯ ಬೆಕ್ಕುಗಳ ನಡುವೆ ಅದು ಬದುಕುವುದು ಕಷ್ಟ. ನೆಂಟರಲ್ಲಿ, ಸೊಸೈಟಿಯವರಲ್ಲಿ ವಿಚಾರಿಸಿ, ಬೆಕ್ಕನ್ನು ನೋಡಿಕೊಳ್ಳಬಲ್ಲವರ ಕೈಗೇ ಒಪ್ಪಿಸಿ. ಬೆಕ್ಕು ಹೋದ ಮರುದಿನವೇ ಔಷಧ ನಿಲ್ಲಿಸಬೇಡಿ. ಅದು ಬಿಟ್ಟುಹೋದ ಪ್ರೋಟೀನು ಮನೆಯಿಂದ ತೊಲಗಲು ನಾಲ್ಕರಿಂದ ಆರು ತಿಂಗಳು ಬೇಕಾಗಬಹುದು. ಒರೆಸುವುದು, ಒಗೆಯುವುದು ಅಲ್ಲಿಯವರೆಗೂ ಹಿಂದಿನಂತೆಯೇ ನಡೆಯಬೇಕು.