ನಂದಿ ಬೆಟ್ಟದ ಕಡೆ ತಲೆ ಹಾಕಿಯೂ ಮಲಗಲಿಲ್ಲ: ಚಳಿಗಾಲ ಕಳೆದು ಸೈಕಲ್‌ಗೆ ಮರಳಿದ ನನ್ನ ಅನುಭವ

ಈ ಸಲ ಯುಗಾದಿ ಮುಗಿದ ಮೇಲೆ ಬಂದ ಭಾನುವಾರ ನಂದಿ ಬೆಟ್ಟವನ್ನು 31 ನಿಮಿಷದ ಆಸುಪಾಸಿನಲ್ಲಿ ಹತ್ತಿದೆ. ಹೋದ ವರ್ಷ ಇದೇ ಹೊತ್ತಿಗೆ 37 ದಾಟಿತ್ತು. ಸೈಕಲ್ ಅದೇ, ಚಕ್ರ ಅದೇ, ತೂಕ ಎರಡು ಕೆಜಿ ಕೂಡ ಇಳಿದಿಲ್ಲ. ವಯಸ್ಸು ಮಾತ್ರ ಒಂದು ವರ್ಷ ಏರಿ 43 ಆಗಿದೆ. ಸಂಕ್ರಾಂತಿಯಿಂದ ಯುಗಾದಿಯವರೆಗೆ ನಾನು ಬೆಟ್ಟ ಹತ್ತಲೇ ಇಲ್ಲ. ನಿಧಾನವಾಗಿ, ಬಯಲು ರಸ್ತೆಯಲ್ಲಿ, ಎದೆಬಡಿತ ನೋಡಿಕೊಂಡು ಓಡಿಸಿದೆ. ನಮ್ಮ ಭಾನುವಾರದ ತಂಡದಲ್ಲಿ ಇದನ್ನು ನಂಬಿದವರು ಯಾರೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಬಳ್ಳಾಪುರದಲ್ಲಿ ನವೆಂಬರ್ ಕೊನೆಯಿಂದ ಸಂಕ್ರಾಂತಿವರೆಗೆ ಬೆಳಗ್ಗೆ ಸೈಕಲ್ ತೆಗೆಯುವುದು ಕಷ್ಟ. ಚಳಿಯನ್ನಾದರೂ ತಡೆಯಬಹುದು, ಮಂಜಿಗೆ ಏನೂ ಮಾಡೋಕಾಗಲ್ಲ. ಹೆದ್ದಾರಿಯಲ್ಲಿ ಲಾರಿ ಮೈಮೇಲೆ ಬರುವವರೆಗೂ ಕಾಣುವುದಿಲ್ಲ. ಹಳ್ಳಿ ರಸ್ತೆಗೆ ಇಳಿದರೆ ಒಕ್ಕಣೆ. ರಾಗಿ, ಹುರುಳಿ ಎಲ್ಲ ಟಾರ್ ಮೇಲೇ ಹರಡಿರುತ್ತಾರೆ. ಕಾರಿಗೆ ಏನೂ ಆಗುವುದಿಲ್ಲ. 25 ಎಂಎಂ ಟಯರ್‌ಗೆ ಉದುರಿದ ಹುರುಳಿ ಕಾಳು ಸಿಕ್ಕರೆ ಮುಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. ಒಣಹುಲ್ಲಿನ ಎಳೆಗಳು ಗೇರ್ ಬದಲಿಸುವ ಹಿಂದಿನ ಡಿರೈಲರ್‌ನ ಎರಡು ಪುಟ್ಟ ಚಕ್ರಗಳಿಗೆ ಹುರಿಯ ಹಾಗೆ ಬಿಗಿದುಕೊಳ್ಳುತ್ತವೆ. ಕೈಯಲ್ಲಿ ಎಳೆದರೆ ಬರುವುದಿಲ್ಲ, ಬ್ಲೇಡಿನಿಂದ ಕೊಯ್ಯಬೇಕು. ಹಾಗಾಗಿ ಪ್ರತಿ ವರ್ಷ ಆರೇಳು ವಾರ ಸೈಕಲ್ ಮೂಲೆ ಸೇರುತ್ತದೆ. ಆಮೇಲೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಹಳೇ ವೇಗಕ್ಕೆ ಎದೆಬಡಿತ ಹದಿನೈದು ಇಪ್ಪತ್ತು ಜಾಸ್ತಿ ಓಡುತ್ತದೆ.

ಹಿಂದಿನ ವರ್ಷಗಳಲ್ಲಿ ಇದಕ್ಕೆ ಸುರಿದ ದುಡ್ಡು ಕಡಿಮೆಯೇನಲ್ಲ. ಒಂದು ವರ್ಷ ಆನ್‌ಲೈನ್ ಕೋಚ್ ಹಿಡಿದೆ. ತಿಂಗಳಿಗೆ ನಾಲ್ಕೂವರೆ ಸಾವಿರ, ಮೂರು ತಿಂಗಳು. ಎರಡನೇ ವಾರಕ್ಕೇ ಇಂಟರ್‌ವಲ್ ಕೊಟ್ಟರು, ಅಂದರೆ ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ, ಮತ್ತೆ ಜೋರು. ಮೊದಮೊದಲು ಭಾರೀ ಖುಷಿ, ವೇಗ ಕಣ್ಣೆದುರೇ ಏರುತ್ತಿತ್ತು. ಐದನೇ ವಾರ ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಯಿತು. ಉಸಿರು ಬೇಗ ವಾಪಸ್ ಬರುತ್ತದೆ, ಸ್ನಾಯುರಜ್ಜು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಎದೆ ತಯಾರಿದೆ ಅಂತ ತುಳಿದರೆ ಮಂಡಿ ಕೈಕೊಡುತ್ತದೆ. ಫಿಸಿಯೋಗೆ ಮೂರು ಸಾವಿರ ಹೋಯಿತು, ಮಾರ್ಚ್ ಪೂರ್ತಿ ಹೋಯಿತು.

ಮರುವರ್ಷ ಸೈಕಲನ್ನು ನಿಂತಲ್ಲೇ ತುಳಿಯಲು ಸಿಕ್ಕಿಸುವ ಟ್ರೇನರ್ ಸಾಧನವೊಂದನ್ನು ಸೆಕೆಂಡ್ ಹ್ಯಾಂಡ್ ತಂದೆ, ಹದಿನೆಂಟು ಸಾವಿರ ಇರಬೇಕು. ಮಂಜಾದರೇನು, ಮನೆಯೊಳಗೇ ತುಳಿಯೋಣ ಅಂತ. ಕೋಣೆಯಲ್ಲಿ ಫ್ಯಾನ್ ಎರಡಿದ್ದರೂ ಇಪ್ಪತ್ತೇ ನಿಮಿಷಕ್ಕೆ ಬೆವರು ನೆಲಕ್ಕೆ ಹರಿಯುತ್ತಿತ್ತು. ಕರೆಂಟ್ ಹೋದರೆ ಅದೂ ಇಲ್ಲ. ಒಂದೇ ಕಡೆ ಕೂತು ತುಳಿಯುವುದು ನನ್ನ ಮೈಗೆ ಹಿಡಿಸಲಿಲ್ಲ. ಹನ್ನೊಂದು ಸಾವಿರಕ್ಕೆ ಮಾರಿದೆ. ಅದರ ಮುಂದಿನ ವರ್ಷ ಎಲ್ಲರೂ ಮಾಡುವ ಹಾಗೆ ಪ್ರತಿ ಭಾನುವಾರ ನಂದಿ. ಹತ್ತುತ್ತಾ ಹತ್ತುತ್ತಾ ಸರಿಹೋಗುತ್ತೆ ಅಂದರು. ಸರಿಹೋದದ್ದು ಜೂನ್‌ಗೆ, ಮಳೆ ಶುರುವಾಗುವ ಹೊತ್ತಿಗೆ.

ಈ ವರ್ಷ ಅಮೆರಿಕದ ತರಬೇತುದಾರ ಫಿಲ್ ಮ್ಯಾಫೆಟೋನ್ ಹೇಳಿದ ಹಳೇ ಲೆಕ್ಕ ಹಿಡಿದೆ. 180ರಲ್ಲಿ ವಯಸ್ಸು ಕಳೆದರೆ ಬರುವ ಸಂಖ್ಯೆಯೇ ಎದೆಬಡಿತದ ಮಿತಿ, ಅದನ್ನು ದಾಟದ ಹಾಗೆ ಓಡಿಸಬೇಕು. ನನಗೆ 137. ನಾನು ಇನ್ನೂ ಕೆಳಗೆ, 135ಕ್ಕೆ ಗೆರೆ ಎಳೆದೆ. ಕೈಗಡಿಯಾರ ಮಣಿಕಟ್ಟಿನಲ್ಲಿ ತಾನೇ ಅಳೆಯುವ ಲೆಕ್ಕ ನಂಬಬೇಡಿ. ಚಳಿಯಲ್ಲಿ ಚರ್ಮಕ್ಕೆ ರಕ್ತ ಕಡಿಮೆ ಬರುವುದರಿಂದ ಅದು ಏನೇನೋ ತೋರಿಸುತ್ತದೆ. ಎದೆಗೆ ಕಟ್ಟಿಕೊಂಡು ಬಡಿತ ಅಳೆಯುವ ಪಟ್ಟಿಯೇ ಬೇಕು. ನಾಲ್ಕೈದು ಸಾವಿರ ಕೊಟ್ಟೆ, ಈ ವರ್ಷದ ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ. ಹಾಕಿಕೊಳ್ಳುವ ಮುಂಚೆ ಪಟ್ಟಿಯ ಒಳಮೈ ನೀರಲ್ಲಿ ಒದ್ದೆ ಮಾಡಿ. ಬೆವರು ಬರುವ ಮುಂಚೆ ಒಣ ಪಟ್ಟಿ ಹಾಕಿದರೆ ಸುಮ್ನೆ 180, 190 ತೋರಿಸಿ ಹೆದರಿಸುತ್ತದೆ.

ರಸ್ತೆ ಶಿಡ್ಲಘಟ್ಟದ ಕಡೆಯದು. ಹೇಳಿಕೊಳ್ಳುವಂಥ ಏರಿಲ್ಲ, ಬೆಳಗ್ಗೆ ವಾಹನವೂ ಕಡಿಮೆ. ವಾರಕ್ಕೆ ನಾಲ್ಕು ದಿನ ಒಂದೂಕಾಲು ಗಂಟೆ, ಭಾನುವಾರ ಮೂರು ಗಂಟೆ. ಒಂಬತ್ತಕ್ಕೆ ಅಂಗಡಿ ಬಾಗಿಲು ತೆಗೆಯಬೇಕು, ಇದಕ್ಕಿಂತ ಜಾಸ್ತಿ ಆಗುವುದಿಲ್ಲ. ಮೊದಲ ವಾರಗಳು ನಿಜಕ್ಕೂ ಕಷ್ಟ, ಕಾಲಿಗಲ್ಲ, ಮನಸ್ಸಿಗೆ. 135ಕ್ಕೆ ಗಂಟೆಗೆ 21 ಕಿ.ಮೀ. ಮೇಲೆ ಹೋಗುತ್ತಲೇ ಇರಲಿಲ್ಲ. ಎದುರುಗಾಳಿ ಬಂದರೆ 17. ರೇಷ್ಮೆಗೂಡು ಮಾರ್ಕೆಟ್‌ಗೆ ಹೋಗುವ ಟಿವಿಎಸ್‌ಗಳು ಗೂಡಿನ ಚೀಲ ಹೇರಿಕೊಂಡು ದಾಟಿ ಹೋಗುವುದು ಇರಲಿ, ಒಂದು ದಿನ ಡೇರಿಗೆ ಹಾಲು ಹಾಕಲು ಹೊರಟ ಹುಡುಗನೊಬ್ಬ ಹಳೇ ಅಟ್ಲಾಸ್ ಸೈಕಲ್‌ನಲ್ಲಿ, ಎರಡೂ ಕಡೆ ಕ್ಯಾನ್ ತೂಗುಹಾಕಿಕೊಂಡು ನನ್ನನ್ನು ದಾಟಿದ. ಹಿಂತಿರುಗಿ "ಏನಣ್ಣ, ಪಂಚರ್ ಆಗೈತಾ?" ಅಂದ. ಎದೆ ಪಟ್ಟಿಯ ಲೆಕ್ಕ ಗಡಿಯಾರದಲ್ಲಿ 134 ತೋರಿಸುತ್ತಿತ್ತು. "ಇಲ್ಲಪ್ಪ, ನೀನು ಹೋಗು" ಅಂದೆ. ಹಟ ಹಿಡಿದು ಅವನ ಹಿಂದೆ ತುಳಿಯಲಿಲ್ಲ. ಈ ವಿಧಾನ ಕೈಹಿಡಿಯುವುದು ಅಂಥ ಕ್ಷಣಗಳಲ್ಲೇ.

ತಂಡದವರು ಹೇಳದೇ ಬಿಟ್ಟ ಮಾತಿಲ್ಲ. ನಿಧಾನ ಓಡಿಸಿದರೆ ನಿಧಾನ ಓಡಿಸುವುದೇ ಅಭ್ಯಾಸ ಆಗುತ್ತೆ ಅಂದರು. ನಮ್ಮಲ್ಲೇ ಹಿರಿಯರೊಬ್ಬರು, "ನಂದಿ ಪಕ್ಕದಲ್ಲೇ ಇಟ್ಟುಕೊಂಡು ಶಿಡ್ಲಘಟ್ಟ ರೋಡಲ್ಲಿ ಏನ್ ಹುಡುಕ್ತಿದ್ದೀಯಪ್ಪ?" ಅಂತ ಕೇಳಿದರು. ನಾಲ್ಕನೇ ವಾರದವರೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ, ಸಂಖ್ಯೆ ಅಲ್ಲಾಡಲೇ ಇಲ್ಲ. ಐದನೇ ವಾರ ಅದೇ 135ಕ್ಕೆ 23 ಬಂತು. ಶಿವರಾತ್ರಿ ಹೊತ್ತಿಗೆ 25, ಒಮ್ಮೊಮ್ಮೆ 26. ಮಂಡಿ ಒಂದು ಸಲವೂ ಚುರುಕ್ ಅನ್ನಲಿಲ್ಲ. ಶಿವರಾತ್ರಿಗೆ ಭೋಗನಂದೀಶ್ವರನ ತೇರು, ನಂದಿ ಜಾತ್ರೆ. ಎಲ್ಲರ ಜೊತೆ ತೇರು ನೋಡಿ ಬಂದೆ, ಮೇಲಿನ ರಸ್ತೆಗೆ ಮಾತ್ರ ಚಕ್ರ ತಿರುಗಿಸಲಿಲ್ಲ.

ಮಧ್ಯೆ ಊಟದ ಪ್ರಯೋಗ ಒಂದಷ್ಟು ನಡೆಯಿತು. ತುಳಿಯುವಾಗ ಶಕ್ತಿಗೆ ಅಂತ ತಿನ್ನುವ ಅಂಗಡಿ ಜೆಲ್ ಒಂದಕ್ಕೆ ನೂರರಿಂದ ನೂರೈವತ್ತು. ಭಾನುವಾರ ಮೂರು ಬೇಕು, ತಿಂಗಳಿಗೆ ಎಷ್ಟಾಯಿತು ನೋಡಿ. ಜೋನಿ ಬೆಲ್ಲಕ್ಕೆ ಉಪ್ಪು, ನಿಂಬೆರಸ ಬೆರೆಸಿ ಸಣ್ಣ ಸಾಸ್ ಬಾಟಲ್‌ಗೆ ತುಂಬಿದೆ. ಚೆನ್ನಾಗಿಯೇ ಇತ್ತು, ಆದರೆ ಬಿಸಿಲು ಏರಿದ ಮೇಲೆ ಎರಡು ದಿನಕ್ಕೆ ಹುಳಿ ವಾಸನೆ. ಈಗ ಹೊರಡುವ ಹಿಂದಿನ ರಾತ್ರಿಯೇ ಮಾಡಿಕೊಳ್ಳುತ್ತೇನೆ. ಬೆಟ್ಟದ ದಿನ ಮಾತ್ರ ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಸೇರಿಸುತ್ತೇನೆ. ಇನ್ನೊಂದು ವಸ್ತುವೂ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ. ಮೂರು ಬಾಟಲ್‌ಗೂ ಸೇರಿ ಮೂವತ್ತು ರೂಪಾಯಿ ದಾಟುವುದಿಲ್ಲ. ರಾಗಿ ಅಂಬಲಿಯನ್ನೂ ಬಾಟಲ್‌ನಲ್ಲಿ ಒಯ್ದು ನೋಡಿದೆ. ವಾಪಸ್ ಬಂದ ಮೇಲೆ ಕುಡಿಯಲು ಅದಕ್ಕಿಂತ ಒಳ್ಳೆಯದಿಲ್ಲ, ತುಳಿಯುವಾಗ ಹೊಟ್ಟೆ ಭಾರ. ಖಾಲಿ ಹೊಟ್ಟೆಯಲ್ಲಿ ಓಡಿಸುವುದನ್ನೂ ಸ್ವಲ್ಪ ದಿನ ಮಾಡಿ ಬಿಟ್ಟೆ. ಮಧ್ಯಾಹ್ನ ಅಂಗಡಿಯಲ್ಲಿ ಕೂತರೆ ತಲೆಯೇ ಓಡುತ್ತಿರಲಿಲ್ಲ.

ಕೊನೆಯ ಎರಡು ಮೂರು ವಾರ ಮಾತ್ರ ಜೋರು. ಊರಾಚೆ ನಾಲ್ಕೈದು ನಿಮಿಷದ ಏರೊಂದಿದೆ. ಎಲ್ಲಿ ಅಂತ ನಮ್ಮೂರಿನವರು ಹುಡುಕಿಕೊಳ್ಳಲಿ. ವಾರಕ್ಕೆ ಎರಡು ದಿನ ಅದನ್ನೇ ನಾಲ್ಕು ಸಲ ಹತ್ತುತ್ತಿದ್ದೆ, ಕೂತೇ ಹತ್ತುತ್ತಿದ್ದೆ, ಎದ್ದು ನಿಲ್ಲುತ್ತಿರಲಿಲ್ಲ. ಹಿಂದಿನ ಚಕ್ರದ ಹಲ್ಲುಬಿಲ್ಲೆಗಳ ಗುಂಪು, ಅಂದರೆ ಕ್ಯಾಸೆಟ್, 11ರಿಂದ 28 ಹಲ್ಲಿನದು ತೆಗೆದು ಏರಿಗೆ ಹಗುರವಾದ 11ರಿಂದ 34 ಹಲ್ಲಿನದು ಹಾಕಿಸಿದ್ದೆ, ಮೂರೂವರೆ ಸಾವಿರ. ಕೆಲವರು ಅದನ್ನು ಅವಮಾನ ಅಂದುಕೊಳ್ಳುತ್ತಾರೆ. ನಂದಿಯ ತುದಿ 1,478 ಮೀಟರ್. ಬುಡದಿಂದ ಏಳೂವರೆ ಕಿ.ಮೀ. ಏರಿನಲ್ಲಿ ಕೊನೆಯ ಒಂದೂವರೆ ಕಿ.ಮೀ. ಇದೆಯಲ್ಲ, ಅಲ್ಲಿ ಆ 34 ಹಲ್ಲಿನ ಬೆಲೆ ಗೊತ್ತಾಗುತ್ತದೆ. ಅವತ್ತು ಭಾನುವಾರ ಅಲ್ಲಿ ಕಾಲು ನಿಮಿಷಕ್ಕೆ ಎಂಬತ್ತು ಸುತ್ತಿನ ಹತ್ತಿರ ತಿರುಗುತ್ತಲೇ ಇತ್ತು. ನನಗಿಂತ ಹತ್ತು ವರ್ಷ ಚಿಕ್ಕವರು ಇಬ್ಬರು ಎದ್ದು ನಿಂತು ತುಳಿಯುತ್ತಿದ್ದರು. ಇಬ್ಬರನ್ನೂ ಕೂತೇ ದಾಟಿದೆ.

ಶುರು ಮಾಡುವವರಿಗೆ ಒಂದು ಮಾತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ, ಆಮೇಲೆ ಈ ಲೆಕ್ಕ ಕೆಡುತ್ತದೆ. ಮಾರ್ಚ್ ಕೊನೆಗೆ ಎಂಟೂವರೆ ಬಿಸಿಲಲ್ಲಿ ಅದೇ ವೇಗಕ್ಕೆ ಎದೆಬಡಿತ ಎಂಟು ಹತ್ತು ಜಾಸ್ತಿ ಬರುತ್ತದೆ. ಅದನ್ನು ನೋಡಿ ಏನೂ ಸುಧಾರಿಸಲಿಲ್ಲ ಅಂತ ಬಿಟ್ಟವರನ್ನು ನೋಡಿದ್ದೇನೆ. ಸಂಕ್ರಾಂತಿಯ ಎಳ್ಳು ಬೆಲ್ಲ ಬೀರಿ ಮುಗಿದ ವಾರವೇ ಶುರು ಮಾಡಿ. ಶುರು ಮಾಡುವುದೇ ತಡವಾದರೆ ಬೆಳಗ್ಗೆ ಐದೂಕಾಲಿಗೇ ಲೈಟ್ ಹಾಕಿಕೊಂಡು ಹೊರಡಿ, ಏಳೂವರೆಗೆ ಮನೆ ಸೇರಿ. ಬ್ಲೇಡ್ ಜೇಬಿನಲ್ಲಿರಲಿ, ಒಕ್ಕಣೆ ಹುಲ್ಲು ಫೆಬ್ರವರಿಯಲ್ಲೂ ರಸ್ತೆಯ ಅಂಚಿನಲ್ಲಿ ಬಿದ್ದಿರುತ್ತದೆ.